ಮರಳಿ ಬಂದ ಮೇಲ್‌ಗಳ ನಿದಿಯಾ

ನಿದಿಯಾ ತೆಚೇರಾ ಏನು ಕೆಲಸ ಮಾಡುತ್ತಾಳೆ ಎಂದು ಲಾ ತೇಹಾ ಬಡಾವಣೆಯ ಬೀದಿಗಳಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇಕರಿಯವನ ಪ್ರಕಾರ ಅವಳು ಕಂಪ್ಯೂಟರ್ ರಿಪೇರಿಯವಳು. ಅವನ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ಕರೆಯುತ್ತಾನೆ, ಅವಳು ಹೋಗಿ ಕಳಚಿದ ತಂತಿ ಸಿಕ್ಕಿಸಿ ಬರುತ್ತಾಳೆ. ಅವಳ ಅಮ್ಮ ಬದುಕಿರುವವರೆಗೂ "ನಮ್ಮ ಹುಡುಗಿ ಅಂಚೆ ಆಫೀಸಿನ ಥರದ್ದೇನೋ ನೋಡ್ಕೊಳ್ತಾಳೆ" ಎನ್ನುತ್ತಿದ್ದಳು. ಆ ಮುದುಕಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೂ ನಿಜಕ್ಕೆ ಹತ್ತಿರ ಹೋದವಳು ಅವಳೇ.

ಮಾಂಟೆವಿಡಿಯೊದ ಹಳೇ ಪಟ್ಟಣದಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲೆ, ಸಂಘ ಕ್ಲಬ್ಬುಗಳಿಗೆ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಿದೆ. ಕಣ್ಣಿಗೆ ಚೆಂದ ಕಾಣುವ ಪುಟಗಳನ್ನು ಅಲ್ಲಿ ಎಳೆಯರು ಮಾಡುತ್ತಾರೆ. ನಿದಿಯಾಳದು ಯಾರಿಗೂ ಕಾಣದ ಕೆಲಸ. ಸಂಘಗಳು ತಮ್ಮ ಸದಸ್ಯರಿಗೆ ಮೇಲ್ ಕಳಿಸುತ್ತವೆ; ಅದನ್ನು ಹೊತ್ತೊಯ್ಯುವುದು ಬಾಡಿಗೆಗೆ ಹಿಡಿದ ಒಂದು ದೊಡ್ಡ ಮೇಲ್ ಸೇವೆ. ಆ ಸೇವೆ ಪ್ರತಿಯೊಂದು ಮೇಲ್ ಏನಾಯಿತೆಂದು ಹಿಂದಿರುಗಿ ಸುದ್ದಿ ಕೊಡುತ್ತದೆ. ಮುಟ್ಟಿತು, ಇಲ್ಲವೇ ಮರಳಿತು, ಇಲ್ಲವೇ ಪಡೆದವರು ಇದು ನಮಗೆ ಬೇಡವೆಂದು ದೂರು ಕೊಟ್ಟರು. ಆ ಸುದ್ದಿಗಳಿಗೆ ಬಾಗಿಲು ತೆರೆದು, ಯಾವ ಸುದ್ದಿ ಬಂದರೆ ಏನು ಮಾಡಬೇಕೆಂದು ಕೋಡ್ ಬರೆದಿಟ್ಟವಳು ನಿದಿಯಾ. ಮುಟ್ಟಿದ ಮೇಲ್‌ಗಳ ಗೊಡವೆ ಯಾರಿಗೂ ಇರುವುದಿಲ್ಲ, ಹಾಗಾಗಿ ಅವಳ ದಿನವೆಲ್ಲ ಮರಳಿ ಬಂದವುಗಳ ಜೊತೆಯಲ್ಲೇ ಕಳೆಯುತ್ತಿತ್ತು.

ಅವಳು ಮೊದಲು ಬಟ್ಟೆ ಗಿರಣಿಯಲ್ಲಿದ್ದವಳು. ಗಿರಣಿ ಮುಚ್ಚಿದಾಗ ಕೆಲಸ ಹೋದವರಿಗೆಂದು ಸರ್ಕಾರ ಸಂಜೆ ತರಗತಿ ನಡೆಸಿತು. ಜೊತೆಯವರು ಕೇಶಾಲಂಕಾರ, ಕೇಕು ಎಂದು ಹೋದರು. ಇವಳು ಹಟಕ್ಕೆ ಬಿದ್ದು ಪ್ರೋಗ್ರಾಮಿಂಗ್ ಕಲಿತಳು. ಮದುವೆಯಾಗಲಿಲ್ಲ. ಒಬ್ಬನಿದ್ದ, ಅವನು ಸ್ಪೇನಿಗೆ ಹೋದವನು ಹೋದನೇ. ಇರುವುದು ಒಂದು ಗ್ಯಾರೇಜಿನ ಹಿಂದಿನ ಬಾಡಿಗೆ ಕೋಣೆಯಲ್ಲಿ, ಗೋಡೆಯಲ್ಲಿ ತೇವ, ಬಟ್ಟೆಯಲ್ಲಿ ಗ್ರೀಸಿನ ವಾಸನೆ. ಕಂಕುಳಲ್ಲಿ ಬಿಸಿನೀರಿನ ಥರ್ಮಾಸ್, ಕೈಯಲ್ಲಿ ಮಾಟೆ ಎಂಬ ಕಹಿ ಎಲೆಯ ಚಹಾ ಹೀರುವ ಸೋರೆಬುರುಡೆ, ಇಷ್ಟಿದ್ದರೆ ಅವಳು ಎಲ್ಲಿ ಬೇಕಾದರೂ ಕೂತು ಕೆಲಸ ಮಾಡುವಳು. ಅವಳಿಗಿದ್ದ ಆಸೆ ಒಂದೇ. ಯಾರೂ ಎಬ್ಬಿಸಿ ಹೊರಗೆ ಹಾಕದ ಒಂದು ಮನೆ.

ಆ ಮನೆಯ ಕಥೆಗೆ ಮೊದಲು ರೂಬೆನ್‌ನ ಕಥೆ ಹೇಳಬೇಕು. ರೂಬೆನ್ ಕಂಪನಿಯ ಯಜಮಾನ. ಕೆಟ್ಟವನಲ್ಲ, ಹೆದರುಪುಕ್ಕಲ, ಕೆಟ್ಟವರಿಗಿಂತ ಹೆದರುಪುಕ್ಕಲರಿಂದಲೇ ಲೋಕಕ್ಕೆ ಹೆಚ್ಚು ಹಾನಿ ಎಂಬುದು ನನ್ನ ಲೆಕ್ಕ. ಹಿಂದಿನ ಚಳಿಗಾಲದಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬು ತನ್ನ ಓಬೀರಾಯನ ಕಾಲದ ಸದಸ್ಯರಿಗೆಲ್ಲ ಮೇಲ್ ಕಳಿಸಿತು. ಸತ್ತವರಿಗೂ ಹೋಯಿತು, ಊರು ಬಿಟ್ಟವರಿಗೂ ಹೋಯಿತು. ಮೇಲ್‌ಗಳು ರಾಶಿ ರಾಶಿಯಾಗಿ ಮರಳಿದವು. ಇದು ಹೀಗೇ ನಡೆದರೆ ನಿಮ್ಮ ಖಾತೆ ಮುಚ್ಚುತ್ತೇವೆ ಎಂದು ಮೇಲ್ ಸೇವೆಯವರು ಎಚ್ಚರಿಕೆ ಕೊಟ್ಟರು. ರೂಬೆನ್ ಮೆಟ್ಟಿಲು ಹತ್ತಿ ಓಡಿ ಬಂದ.

"ನಿದಿಯಾ, ಇದನ್ನ ಈಗ್ಲೇ ನಿಲ್ಸು."

"ನಿಲ್ಸೋದಲ್ಲ ರೂಬೆನ್, ಬೇರೆ ಬೇರೆ ಮಾಡ್ಬೇಕು. ಕೆಲವು ವಿಳಾಸ ಇಲ್ವೇ ಇಲ್ಲ, ಅವಕ್ಕೆ ಮತ್ತೆ ಕಳಿಸ್ಬಾರ್ದು, ಸರಿ. ಕೆಲವು ಪೆಟ್ಟಿಗೆ ತುಂಬಿದೆ ಅಂತ ವಾಪಸ್ ಬಂದಿರೋದು. ನಾಲ್ಕು ದಿನ ಬಿಟ್ಟು ಕಳಿಸಿದ್ರೆ ಹೋಗುತ್ತೆ."

"ವಾಪಸ್ ಬಂದಿದ್ದು ವಾಪಸ್ಸೇ ಕಣೇ. ಒಂದ್ಸಲ ಬಂತಾ, ಮುಗೀತು. ಆ ವಿಳಾಸದ ತಂಟೆಗೆ ಹೋಗ್ಬೇಡ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು."

"ಈಗ ಕೊಯ್ಯಿ. ಆಮೇಲೆ ಹೊಲಿಯೋಣ."

ಕೊಯ್ದಳು. ಒಮ್ಮೆ ಮರಳಿದ ವಿಳಾಸಕ್ಕೆಲ್ಲ ತಡೆ ಬಿತ್ತು. ಅಷ್ಟಕ್ಕೇ ಬಿಡಲಿಲ್ಲ ಅವನು. ಸಂಘದವರು ನೋಡುವ ಪರದೆಯ ಮೇಲೆ ನಿದಿಯಾ ಮೂರು ಬಣ್ಣ ಇಟ್ಟಿದ್ದಳು. ಮೇಲ್ ಮುಟ್ಟಿದರೆ ಹಸಿರು, ಮರಳಿದರೆ ಕೆಂಪು, ಗೊತ್ತಿಲ್ಲದಿದ್ದರೆ ಹಳದಿ. ರೂಬೆನ್‌ಗೆ ಹಳದಿ ಹಿಡಿಸಲಿಲ್ಲ.

"ಹಳದಿ ಕಂಡ್ರೆ ಗಿರಾಕಿ ಫೋನ್ ಮಾಡ್ತಾನೆ. ಕೆಂಪು ಕಂಡ್ರೆ ಬೈತಾನೆ. ಹಸಿರು ಕಂಡ್ರೆ ತೆಪ್ಪಗಿರ್ತಾನೆ. ಕೆಟ್ಟ ಸುದ್ದಿ ಬರ್ದೇ ಇದ್ರೆ ಹಸಿರು ಹಾಕ್ಬಿಡು."

ತಡೆಹಿಡಿದ ವಿಳಾಸಕ್ಕೆ ಮೇಲ್ ಹೋಗುವುದೇ ಇಲ್ಲ. ಹೋಗದ ಮೇಲ್ ಮರಳುವುದಿಲ್ಲ. ಮರಳದಿದ್ದರೆ ಕೆಟ್ಟ ಸುದ್ದಿಯಿಲ್ಲ, ಕೆಟ್ಟ ಸುದ್ದಿಯಿಲ್ಲದಿದ್ದರೆ ಹಸಿರು. ನಿದಿಯಾಗೆ ಇದು ಅವತ್ತೇ ಹೊಳೆದಿತ್ತೇ? ಹೊಳೆದಿತ್ತು ಎಂದೇ ನಾನು ಹೇಳುವೆ, ಅವಳೂ ಇಲ್ಲವೆನ್ನುವುದಿಲ್ಲ. ಸೋಮವಾರ ಸರಿಮಾಡಬೇಕು ಎಂದು ಕೋಡಿನ ನಡುವೆ ತನಗೇ ಒಂದು ಸಾಲು ಬರೆದಿಟ್ಟಳು. ಈ ಕಸುಬಿನವರೆಲ್ಲ ಹಾಗೆ ಬರೆದಿಡುತ್ತಾರೆ, ಬರೆದಿಟ್ಟರೆ ಅರ್ಧ ಮಾಡಿದ ಹಾಗೆ ಎಂದು ನಂಬುತ್ತಾರೆ. ಸೋಮವಾರ ಬಂತು, ಬೇರೆ ಕೆಲಸ ತಂತು.

ಇನ್ನು ದೊನ್ಯಾ ಎಲ್ಸಿರಾ. ಬೀದಿಯವರೆಲ್ಲ ಅವಳನ್ನು ಗೌರವದಿಂದ ದೊನ್ಯಾ ಎನ್ನುತ್ತಾರೆ. ಅಮ್ಮನ ಗೆಳತಿಯಾದ್ದರಿಂದ ನಿದಿಯಾಗೆ ಮಾತ್ರ ಚಿಕ್ಕಮ್ಮ. ಕಾರ್ನಿವಲ್ ಕಾಲದಲ್ಲಿ ವೇದಿಕೆಯೇರಿ ಹಾಡುತ್ತ ಊರನ್ನೆಲ್ಲ ಗೇಲಿ ಮಾಡುವ ಮುರ್ಗಾ ತಂಡಗಳಿವೆಯಲ್ಲ, ನಮ್ಮ ಬೀದಿಯ ತಂಡಕ್ಕೆ ವೇಷ ಹೊಲಿಯುವವಳು ಅವಳು. ಮೇಯರನ್ನು ಗೂಬೆ ಮಾಡಿದ್ದಾಳೆ, ಬಿಷಪ್ಪನನ್ನು ಬದನೆಕಾಯಿ ಮಾಡಿದ್ದಾಳೆ. ಅವಳ ಕೋಣೆಯಲ್ಲಿ ಗರಿಗಳ ನಡುವೆ ಕುರ್ಚಿ ಹುಡುಕಬೇಕು.

ರೈಲು ಹಳಿಯ ಆಚೆ ಒಂದು ವಸತಿ ಸಹಕಾರ ಸಂಘವಿದೆ. ಹೆಸರು ಹೇಳಿ ಪುಣ್ಯ ಕಟ್ಟಿಕೊಳ್ಳುವುದು ಬೇಡ. ಸದಸ್ಯರೇ ವಾರವಾರ ಬಂದು ಇಟ್ಟಿಗೆ ಹೊತ್ತು, ಗಾರೆ ಕಲಸಿ ಕಟ್ಟಿದ ಮನೆಗಳು ಅವು. ಎಲ್ಸಿರಾ ಹೊಸ ಮದುವಣಗಿತ್ತಿಯಾಗಿ ಅಲ್ಲಿ ಗಾರೆ ಹೊತ್ತವಳು. ಆಗಿನ ಪದ್ಧತಿಯಂತೆ ಮನೆ ಗಂಡನ ಹೆಸರಿನಲ್ಲಿತ್ತು. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ನದಿ ದಾಟಿ ಬ್ಯೂನಸ್ ಐರಿಸ್‌ಗೆ ಹೋಗುವಾಗ ಮನೆಯನ್ನು ಸಂಘಕ್ಕೆ ಬಿಟ್ಟುಕೊಟ್ಟು ತನ್ನ ಪಾಲು ತೆಗೆದುಕೊಂಡು ಹೋದ. ಗೋಡೆಗೆ ಗಾರೆ ಮೆತ್ತಿದ ಹೆಂಗಸು ಬೀದಿಗೆ ಬಂದಳು. ಅಂದಿನಿಂದ ಅವಳು ಅದೇ ಸಂಘದ ಸರದಿಯಲ್ಲಿ ನಿಂತಿದ್ದಾಳೆ. ಸರದಿಯವರು ಭಾನುವಾರದ ಶ್ರಮದಾನಕ್ಕೆ ಬರಬೇಕೆಂಬ ನಿಯಮವಿದೆ. ಗಟಾರ ಬಳಿಯುವುದಿರಲಿ, ಬೇಲಿಗೆ ಬಣ್ಣ ಹಚ್ಚುವುದಿರಲಿ, ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಗಿರಣಿ ಮುಚ್ಚಿದ ವರ್ಷ ನಿದಿಯಾಳನ್ನೂ ಎಳೆದು ತಂದು ಹೆಸರು ಬರೆಸಿದಳು. "ನನ್ನ ಹಿಂದೇನೇ ನಿಂತ್ಕೋ. ನಾನು ಮೊದ್ಲು ಒಳಗೆ ಹೋಗ್ತೀನಿ, ನಿಂಗೆ ಜಾಗ ಹಿಡ್ಕೊಂಡಿರ್ತೀನಿ."

ಮೊದಲೆಲ್ಲ ಮನೆ ಖಾಲಿಯಾದರೆ ಕಾರ್ಯದರ್ಶಿ ಕುರ್ಬೆಲೊ ಹೋಗಿ ಸರದಿಯವರ ಬಾಗಿಲು ತಟ್ಟುತ್ತಿದ್ದ. ತಟ್ಟಬೇಕಾದ ಬಾಗಿಲು ಬಿಟ್ಟು ಬೇಕಾದವರ ಬಾಗಿಲು ತಟ್ಟುತ್ತಾನೆ ಎಂದು ಒಮ್ಮೆ ದೊಡ್ಡ ಜಗಳವಾಯಿತು. ಆಗ ಎದ್ದು ನಿಂತು ದಾರಿ ತೋರಿಸಿದವಳು ನಿದಿಯಾ. "ನಮ್ಮ ಕಂಪನಿದು ಒಂದು ವ್ಯವಸ್ಥೆ ಇದೆ. ಮೇಲ್ ತಾನಾಗೇ ಹೋಗುತ್ತೆ. ಮೇಲ್‌ಗೆ ಮುಖ ನೋಡಿ ಮಣೆ ಹಾಕೋಕೆ ಬರಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಸರದಿಯ ವಿಷಯ ಇನ್ನು ಮೇಲ್‌ನಲ್ಲೇ, ಬಾಯಿಮಾತಿನಲ್ಲಿ ಯಾರೂ ಯಾರಿಗೂ ಹೇಳಕೂಡದು, ಗಡುವಿನೊಳಗೆ ಉತ್ತರ ಕೊಡದಿದ್ದರೆ ಸರದಿ ಮುಂದಿನವರಿಗೆ ಎಂದು ಬೈಲಾ ತಿದ್ದಿದರು. ಎಲ್ಸಿರಾಳ ಫೋನಿನಲ್ಲಿ ಮೇಲ್ ಹಾಕಿಕೊಟ್ಟು ಕಲಿಸಿದವಳೂ ನಿದಿಯಾಳೇ. ಸಾಲ ಕೊಡುತ್ತೇವೆ, ಜೂಜಾಡಿ ಎಂದು ಮೇಲ್ ಬಂದು ಮುದುಕಿ ಕಂಗಾಲಾದಾಗ ಒಂದು ಗುಂಡಿ ತೋರಿಸಿಕೊಟ್ಟಳು. "ಬೇಡದೋರು ಬರೆದ್ರೆ ಇದನ್ನ ಒತ್ತಿ ಚಿಕ್ಕಮ್ಮ. ಮತ್ತೆ ನಿಮ್ಮ ತಂಟೆಗೆ ಬರಲ್ಲ."

"ಈ ಗುಂಡಿ ನನ್ನ ಗಂಡನ ಕಾಲದಲ್ಲಿ ಇರ್ಬೇಕಿತ್ತು" ಎಂದಿದ್ದಳು ಎಲ್ಸಿರಾ.

ಮಾರ್ಚ್ ಕೊನೆ, ಕಾರ್ನಿವಲ್ ಮುಗಿದು ಊರು ಸುಸ್ತಾಗಿ ಮಲಗಿದ್ದ ಕಾಲ. ಸಂಘದಲ್ಲಿ ದುತ್ರಾ ಕುಟುಂಬ ಮನೆ ಖಾಲಿ ಮಾಡಿ ಹೋಗಿದೆ ಎಂಬ ಸುದ್ದಿ ಬೀದಿಯಲ್ಲಿತ್ತು. ಹಿಂದಿನ ಸಾಲಿನ ಇನ್ನೊಂದು ಮನೆಯೂ ಖಾಲಿಯಂತೆ ಎಂದು ಬೇಕರಿಯವನು ಸೇರಿಸಿದ್ದ. ಕೆಲಸದಲ್ಲಿದ್ದಾಗ ನಿದಿಯಾಗೆ ಮೇಲ್ ಬಂತು. ನಿಮ್ಮ ಸರದಿ ಬಂದಿದೆ, ಒಪ್ಪಿಗೆ ತಿಳಿಸಿ. ಅವಳು ಒಪ್ಪಿಗೆ ಕಳಿಸಿ, ಕಕ್ಕಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ತನಗೇ ಬಂದಿದೆ ಎಂದ ಮೇಲೆ ಚಿಕ್ಕಮ್ಮನಿಗೆ ಮೊದಲೇ ಬಂದಿರಬೇಕು, ಎರಡು ಮನೆ ಇಬ್ಬರಿಗೂ ಎಂದುಕೊಂಡಳು. ಬೇಕರಿಯಲ್ಲಿ ಬೆಣ್ಣೆ ಬಿಸ್ಕೋಚೊ ಕಟ್ಟಿಸಿಕೊಂಡು ನೇರ ಎಲ್ಸಿರಾಳಲ್ಲಿಗೆ ಹೋದಳು.

ಎಲ್ಸಿರಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹಳೇ ವೇಷಗಳ ಹೊಲಿಗೆ ಬಿಚ್ಚುತ್ತಿದ್ದಳು.

"ಚಿಕ್ಕಮ್ಮ, ನಿಮ್ಗೆ ಯಾವ್ದು ಕೊಟ್ರು? ದುತ್ರಾದಾ, ಹಿಂದಿನ ಸಾಲಿಂದಾ?"

"ಯಾವ್ದು ಯಾವ್ದು?"

"ಮನೆ. ನಂಗೆ ಇವತ್ತು ಮೇಲ್ ಬಂತು."

ಎಲ್ಸಿರಾ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಫೋನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು.

"ಖಾಲಿಯಾಗಿರೋದು ಒಂದೇ ಮನೆ. ನಾನು ಕುರ್ಬೆಲೊನ್ನ ಕೇಳ್ದೆ. ಮೇಲ್ ಬರುತ್ತೆ ನೋಡ್ತಿರಿ, ಬಾಯಲ್ಲಿ ಹೇಳೋ ಹಾಗಿಲ್ಲ ಅಂದ. ದಿನಾ ನೋಡ್ದೆ. ಬರ್ಲಿಲ್ಲ." ಆಮೇಲೆ ತಾನೇ ಅದಕ್ಕೊಂದು ಕಾರಣ ಹುಡುಕಿಕೊಂಡಳು. "ಬಂದಿರುತ್ತೆ ಬಿಡು. ನಾನೇ ಏನೋ ಒತ್ತಿ ಅಳಿಸಿರ್ತೀನಿ. ಜನವರೀಲಿ ಆ ಮುರ್ಗಾ ಹುಡುಗ್ರು ಟೋಪಿ ಚಿತ್ರ, ರೆಕ್ಕೆ ಚಿತ್ರ, ಎಲ್ಲ ಇದ್ರಲ್ಲೇ ಕಳಿಸಿ ಪೆಟ್ಟಿಗೆ ತುಂಬಿ ಕೂತಿತ್ತು. ಆಗ ಸಿಕ್ಕಿದ್ದೆಲ್ಲ ಅಳಿಸಿದ್ದೆ. ಅವತ್ತಿಂದ ನನ್ನ ಕೈ ಮೇಲೇ ನಂಗೆ ನಂಬಿಕೆ ಇಲ್ಲ."

ಪೆಟ್ಟಿಗೆ ತುಂಬಿತ್ತು ಎಂದ ಕೂಡಲೇ ನಿದಿಯಾಗೆ ರೂಬೆನ್‌ನ ಮಾತಿಗೆ ತಾನು ಹಾಕಿದ ತಡೆ ನೆನಪಾಯಿತು. ಅವಳು ಬಾಯಿ ತೆರೆದಳು, ಬಿಸ್ಕೋಚೊ ಇಟ್ಟುಕೊಂಡು ಮುಚ್ಚಿದಳು.

ಎಲ್ಸಿರಾ ಎದ್ದು ನೀರು ಕಾಯಿಸಿ ಮಾಟೆ ತುಂಬಿ ಮೊದಲ ಸರದಿಯನ್ನು ನಿದಿಯಾಗೇ ಕೊಟ್ಟಳು.

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಹೋಗ್ಲಿ, ಹೊರಗಿನೋರ ಪಾಲಾಗ್ಲಿಲ್ವಲ್ಲ. ದುತ್ರಾ ಮನೆ ಅಡುಗೆಕೋಣೆ ಟೈಲ್ಸ್ ಕೂರ್ಸಿದ್ದು ನಾನು. ಸಂಜೆ ಬಂದು ಅಲ್ಲಿ ಕೂತ್ರೆ ಓಡ್ಸಲ್ಲ ತಾನೇ?"

"ಚಿಕ್ಕಮ್ಮ..."

"ಪರದೆ ನಾನೇ ಹೊಲಿದು ಕೊಡ್ತೀನಿ. ಕಿಟಕಿ ಅಳತೆ ತಗೋಳೋದೇನೂ ಬೇಡ. ಆ ಚೌಕಟ್ಟು ಕೂರಿಸೋವಾಗ ಹಿಡ್ಕೊಂಡು ನಿಂತಿದ್ದೋಳು ನಾನೇ."

ಮಾರನೆಯ ದಿನ ನಿದಿಯಾ ಆಫೀಸಿನಲ್ಲಿ ಹುಡುಕಿದಳು. ಹುಡುಕುವುದೇನು, ಎಲ್ಲಿದೆಯೆಂದು ಗೊತ್ತೇ ಇತ್ತು. ಭಾನುವಾರ ಗಟಾರ ಕೆಲಸವಿದೆ ಎಂದು ಸಂಘ ಜನವರಿಯಲ್ಲಿ ಕಳಿಸಿದ್ದ ಒಂದು ಮಾಮೂಲಿ ಮೇಲ್, ಪೆಟ್ಟಿಗೆ ತುಂಬಿದೆ ಎಂದು ಎಲ್ಸಿರಾಳಲ್ಲಿಂದ ಮರಳಿತ್ತು. ಆ ಕ್ಷಣದಿಂದ ಅವಳ ವಿಳಾಸಕ್ಕೆ ತಡೆ. ಮುದುಕಿ ಎರಡೇ ದಿನದಲ್ಲಿ ಪೆಟ್ಟಿಗೆ ಖಾಲಿ ಮಾಡಿ ಕಾದು ಕೂತಿದ್ದಳು, ದಿನಾ ನೋಡುತ್ತಿದ್ದಳು. ಮನೆಯ ಮೇಲ್ ಅವಳ ಹೆಸರಿಗೆ ಸಿದ್ಧವಾಯಿತು; ಹೋಗಲಿಲ್ಲ. ಪರದೆಯ ಮೇಲೆ ಹಸಿರು ಬಿತ್ತು. ಗಡುವು ಮುಗಿಯಿತು.

ಅವಳು ಹೇಳಿದ್ದನ್ನು ಕೇಳಿ ರೂಬೆನ್ ಬಾಗಿಲು ಹಾಕಿದ.

"ಯಾರಿಗಾದ್ರೂ ಹೇಳಿದ್ಯಾ?"

"ಇನ್ನೂ ಇಲ್ಲ."

"ಹೇಳ್ಬೇಡ. ಒಬ್ರ ಹತ್ರ ತಪ್ಪಾಗಿದೆ ಅಂದ್ರೆ ಇರೋ ಬರೋ ಕ್ಲಬ್ಬೆಲ್ಲ ಬಂದು ಕೊರಳ ಪಟ್ಟಿ ಹಿಡೀತಾರೆ. ಅಲ್ಲಾ ಕಣೇ, ಮನೆ ನಿಂಗೇ ಸಿಕ್ಕಿದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಿಂಗೇನ್ ತೊಂದ್ರೆ?"

ಅವಳು ಹೇಳಲಿಲ್ಲ. ನಿದಿಯಾಳನ್ನು ದೇವತೆ ಮಾಡಲು ನಾನು ಹೊರಟಿಲ್ಲ. ಒಂದು ವಾರ ಪೂರ್ತಿ ಅವಳು ಬಾಯಿ ಬಿಡಲಿಲ್ಲ. ಕುರ್ಬೆಲೊ ಬಾಗಿಲು ತೆಗೆದು ಮನೆ ತೋರಿಸಿದಾಗ ಒಳಗೆ ಹೋಗಿ ನಿಂತಳು. ತೇವವಿಲ್ಲದ ಗೋಡೆಗೆ ಅಂಗೈ ಒತ್ತಿ ನೋಡಿದಳು. ಅಡುಗೆಕೋಣೆಯ ಹಳದಿ ಟೈಲ್ಸ್‌ನಲ್ಲಿ ಒಂದು ಸೊಟ್ಟಗಿತ್ತು. ಅದರ ಮೇಲೆ ಬೆರಳಾಡಿಸಿದಳು. ಮಂಚ ಎಲ್ಲಿ, ಮೇಜು ಎಲ್ಲಿ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಳು. ಹೇಳದೆ ಇದ್ದುಬಿಡಬಹುದಿತ್ತು. ಚಿಕ್ಕಮ್ಮ ಸಂಜೆ ಬಂದು ಕೂರುತ್ತಿದ್ದಳು, ತಪ್ಪು ತನ್ನದೇ ಎಂದು ನಂಬಿಯೇ ಸಾಯುತ್ತಿದ್ದಳು. ಆ ಕೊನೆಯದನ್ನು ಮಾತ್ರ ನಿದಿಯಾಗೆ ಸಹಿಸಲಾಗಲಿಲ್ಲ. ಬೀದಿಯಲ್ಲಿ ಆಗಲೇ ಎಲ್ಲರೂ ಆಡಿಕೊಳ್ಳುತ್ತಿದ್ದರು, ಮೇಲ್ ನೋಡಲು ಬಾರದ ಮುದುಕಿ ಬಂದ ಮನೆ ಕಳಕೊಂಡಳೆಂದು. ಎಲ್ಸಿರಾ ಅದಕ್ಕೆ ತಲೆಯಾಡಿಸಿ ನಗುತ್ತಿದ್ದಳು.

ಮನೆ ಯಾರಿಗೆಂದು ಸದಸ್ಯರ ಸಭೆ ಒಪ್ಪಿದ ಮೇಲೆಯೇ ಬೀಗದ ಕೈ ಕೊಡುವುದು. ಭಾನುವಾರ ಬೆಳಿಗ್ಗೆ ಸಂಘದ ಹಾಲ್‌ನಲ್ಲಿ ಸಭೆ ಸೇರಿತು. ಯಾರೋ ಟೋರ್ತಾ ಫ್ರೀತಾ ಕರಿದು ತಂದಿದ್ದರು, ಎಲ್ಲರ ಬೆರಳಿಗೂ ಎಣ್ಣೆ ಸಕ್ಕರೆ. ಎಲ್ಸಿರಾ ಮುಂದಿನ ಸಾಲಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಒಂದು ಚೀಲ. ಮುರ್ಗಾದ ದ್ರಾಕ್ಷಿ ಬಣ್ಣದ ಸ್ಯಾಟಿನ್‌ನಲ್ಲಿ ಹೊಲಿದ ಪರದೆಗಳು ಅದರಲ್ಲಿದ್ದವು. ಮಡಿಕೆ ಕೆಡದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಅದನ್ನು ನೋಡಿದ ಮೇಲೆ ನಿದಿಯಾಗೆ ತಡೆದುಕೊಳ್ಳಲಾಗಲಿಲ್ಲ.

"ಒಪ್ಪಿಗೆ ತಗೋಳೋ ಮೊದ್ಲು ಒಂದು ಮಾತು" ಎಂದು ಎದ್ದಳು. "ದೊನ್ಯಾ ಎಲ್ಸಿರಾಗೆ ಮೇಲ್ ಹೋಗಿಲ್ಲ. ಅವ್ರು ನೋಡ್ದೆ ಇದ್ದಿದ್ದಲ್ಲ. ವ್ಯವಸ್ಥೆ ಕಳಿಸೇ ಇಲ್ಲ."

ಕುರ್ಬೆಲೊ ಲ್ಯಾಪ್‌ಟಾಪನ್ನು ಜನರತ್ತ ತಿರುಗಿಸಿದ. "ಹಸಿರು ಇದ್ಯಲ್ಲಮ್ಮ."

"ಆ ಹಸಿರು ಸುಳ್ಳು."

"ಯಾರು ಹೇಳಿದ್ದು?"

"ಅದನ್ನ ಬರೆದಿದ್ದು ನಾನೇ."

ಹಿಂದಿನಿಂದ ಒಂದು ಗಂಡು ದನಿ ಬಂತು. "ಅಂದ್ರೆ ಇವಳೇ ಬರೆದ ಲೆಕ್ಕದಲ್ಲಿ ಮುದುಕೀದು ತಪ್ಪಿ ಇವಳಿಗೇ ಬಂತಾ? ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು." ಜನ ನಕ್ಕರು. ಆ ನಗೆ ತಮಾಷೆಯದಾಗಿರಲಿಲ್ಲ.

ನಿದಿಯಾ ವಿವರಿಸಲು ಹೋದಳು. ಪೆಟ್ಟಿಗೆ ತುಂಬುವುದು ಬೇರೆ, ವಿಳಾಸ ಸಾಯುವುದು ಬೇರೆ ಎಂದಳು. ತಡೆ, ಮರಳು, ಸುದ್ದಿ ಎಂದಳು. ತಾನೇ ಹೇಳಿದ ಮಾತು ತನಗೇ ಕಳ್ಳಿಯ ಮಾತಿನಂತೆ ಕೇಳಿಸಿತು. ಕುರ್ಬೆಲೊ ಮಧ್ಯದಲ್ಲೇ ಕೈಯೆತ್ತಿದ. ಮಾತಿನಲ್ಲಿ ಅವನು ಬೆಣ್ಣೆಯಂಥವನು.

"ನೋಡಮ್ಮ, ಬಾಯಿಮಾತು ಬೇಡ, ಪರದೆ ಮೇಲಿರೋದೇ ದಾಖಲೆ ಅಂತ ಬೈಲಾ ಮಾಡ್ಸಿದ್ದು ನೀನೇ. ಈಗ ನಿನ್ನ ಬಾಯಿಮಾತಿಗೆ ಅದನ್ನ ತಿದ್ದೋಕಾಗುತ್ತಾ? ದೊನ್ಯಾ ಎಲ್ಸಿರಾ ಮೇಲೆ ನಮ್ಗೆಲ್ಲ ತುಂಬ ಗೌರವ ಇದೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ, ಛಾವಣಿ ಹತ್ತೋಕೆ, ಗಟಾರ ಬಳಿಯೋಕೆ ತೋಳಲ್ಲಿ ಬಲ ಇರೋರು ಬೇಕು ಸಂಘಕ್ಕೆ."

ತಲೆಗಳು ಅಲ್ಲಾಡಿದವು. ಅದೇ ಭಾನುವಾರ ಬೆಳಿಗ್ಗೆ ಹಾಲ್ ಗುಡಿಸಿ ಕುರ್ಚಿ ಹಾಕಿದವಳು ಎಲ್ಸಿರಾ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ. ಮೇಲ್ ಹೋಗಿತ್ತೋ ಇಲ್ಲವೋ ಅವರಿಗೆ ಬೇಕಿರಲಿಲ್ಲ. ಮುದುಕಿ ಬೇಡವಾಗಿತ್ತು, ಮುಖ ನೋಡಿ ಬೇಡವೆನ್ನುವ ಕಷ್ಟವನ್ನು ಆ ಹಸಿರು ಗುರುತು ತಪ್ಪಿಸಿತ್ತು.

"ಹಾಗಾದ್ರೆ ನಂಗೂ ಬೇಡ ಈ ಮನೆ" ಎಂದಳು ನಿದಿಯಾ.

ಅವಳೇನು ಅಂದುಕೊಂಡಿದ್ದಳು ಎಂದರೆ, ಅಷ್ಟು ಹೇಳಿದರೆ ಜನ ಬೆಚ್ಚುತ್ತಾರೆ, ತಡಿ ತಡಿ ಎನ್ನುತ್ತಾರೆ, ಯಾರಾದರೂ ಒಬ್ಬರಾದರೂ ಎಲ್ಸಿರಾಳ ಕಡೆ ತಿರುಗುತ್ತಾರೆ ಎಂದು. ಕುರ್ಬೆಲೊ ತಲೆಬಗ್ಗಿಸಿ ಟೈಪು ಮಾಡಿದ.

"ನಿದಿಯಾ ತೆಚೇರಾ, ತಾವಾಗೇ ಬಿಟ್ಟುಕೊಟ್ಟಿದ್ದಾರೆ. ಮುಂದಿನ ಸರದಿ."

ಮುಂದಿನ ಸರದಿ ಅವನ ಭಾವಮೈದನದು. ಇಸ್ತ್ರಿ ಶರ್ಟು ಹಾಕಿಕೊಂಡು ಬಾಗಿಲ ಬಳಿ ಟೋರ್ತಾ ತಿನ್ನುತ್ತ ನಿಂತಿದ್ದ. ಬೆರಳು ಒರೆಸಿಕೊಂಡು ಮುಂದೆ ಬಂದ. ಕೈಗಳು ಎದ್ದವು. ಮೇಲ್ ಕಳಿಸುವ ಅಗತ್ಯವೂ ಬೀಳಲಿಲ್ಲ.

ಎಲ್ಸಿರಾ ಚೀಲ ಎತ್ತಿಕೊಂಡು ಹೊರಗೆ ಹೋದಳು. ನಿದಿಯಾ ಹಿಂದೆಯೇ ಓಡಿ ಬಸ್ ನಿಲ್ದಾಣದಲ್ಲಿ ಹಿಡಿದಳು.

"ಚಿಕ್ಕಮ್ಮ, ನಿಮ್ಮ ತಪ್ಪಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ ಅಂತ..."

"ಗೊತ್ತಾಗಿ?"

ಎಲ್ಸಿರಾ ಬಸ್ಸು ಬರುವ ದಾರಿಯತ್ತ ತಿರುಗಿದಳು.

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಒಂದು ವಾರ."

"ನಾನು ನಿನ್ನ ಪರದೆ ಹೊಲೀತಿದ್ದಾಗ." ಎಲ್ಸಿರಾಳ ದನಿ ಏರಲಿಲ್ಲ. "ನನ್ನ ಮನೆ ಹೋಯ್ತು ಅಂತ ನಾನು ಅತ್ತು ಮುಗ್ಸಿದ್ದೆ ಕಣೇ. ನಿಂಗೆ ಸಿಕ್ತಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಆ ಅಡುಗೆಕೋಣೇಲಿ ಕೂತ್ಕೊಳ್ಳೋಕೆ ನಂಗೊಂದು ಕುರ್ಚಿ ಇರ್ತಿತ್ತು. ಈಗ ಅಲ್ಲಿ ಅವ್ನು ಕೂತ್ಕೋತಾನೆ. ಒಂದು ವಾರ ಬಾಯಿ ಮುಚ್ಕೊಂಡಿದ್ದೋಳು ಸಾಯೋವರ್ಗೂ ಮುಚ್ಕೊಂಡಿರೋಕೆ ಆಗ್ಲಿಲ್ವಾ? ಇಲ್ಲಾ, ಹೇಳೋದಾದ್ರೆ ಮೊದ್ಲು ನಂಗೆ ಹೇಳ್ಬೇಕಿತ್ತು. ಅವ್ರಿಗೆ ಹೇಳ್ದೆ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಕುರ್ಚಿ ಕೊಟ್ಬಿಟ್ಟೆ."

ಬಸ್ಸು ಬಂತು. ಅವಳು ಹತ್ತುವಾಗ ನಿದಿಯಾ ಚೀಲಕ್ಕೆ ಕೈ ಚಾಚಿದಳು. ಎಲ್ಸಿರಾ ಅದನ್ನು ಎದೆಗೊತ್ತಿಕೊಂಡು ಹತ್ತಿದಳು. ಮುಂದಿನ ಕಾರ್ನಿವಲ್‌ನಲ್ಲಿ ನಮ್ಮ ಬೀದಿಯ ಮುರ್ಗಾದವರು ದ್ರಾಕ್ಷಿ ಬಣ್ಣದ ಮೇಲಂಗಿ ಹಾಕಿಕೊಂಡು ಹಾಡಿದರು, ಚೆನ್ನಾಗಿಯೇ ಕಾಣುತ್ತಿದ್ದರು.

ಸಂಘದ ಮಾತು ರೂಬೆನ್‌ನ ಕಿವಿಗೂ ಬಿತ್ತು. ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡಿದ್ದಳು ನಿದಿಯಾ, ತೆಗೆಯಲಿಲ್ಲ. ಆ ಕೋಡ್ ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. "ಸರಿಮಾಡು, ಆದ್ರೆ ಸದ್ದಿಲ್ದೆ ಮಾಡು" ಎಂದ. ಸರಿಮಾಡುವುದು ಒಂದು ಮಧ್ಯಾಹ್ನದ ಕೆಲಸವಾಗಿತ್ತು, ಅದೇ ಅವಳನ್ನು ಹೆಚ್ಚು ಸುಟ್ಟದ್ದು. ತುಂಬಿದ ಪೆಟ್ಟಿಗೆಗೂ ಸತ್ತ ವಿಳಾಸಕ್ಕೂ ಬೇರೆ ಬೇರೆ ದಾರಿ ಮಾಡಿದಳು. ಹೋಗದ ಮೇಲ್‌ಗೆ ಹಸಿರು ಬೀಳದ ಹಾಗೆ ಮಾಡಿದಳು. ಹಳದಿಯನ್ನು ವಾಪಸು ತಂದಳು, ಈ ಸಲ ರೂಬೆನ್ ತುಟಿ ಬಿಚ್ಚಲಿಲ್ಲ. ಪೆಟ್ಟಿಗೆ ತುಂಬಿ ತಡೆಗೆ ಸಿಕ್ಕಿದ್ದ ವಿಳಾಸಗಳನ್ನೆಲ್ಲ ಬಿಡಿಸಿದಳು. ಬೇರೆ ಬೇರೆ ಊರಿನ ಸಂಘಗಳು, ಕ್ಲಬ್ಬುಗಳು. ಅವರಲ್ಲಿ ಎಷ್ಟು ಜನ ಯಾವ ಯಾವ ಸರದಿ ತಪ್ಪಿಸಿಕೊಂಡು ತಮ್ಮ ಕೈಯನ್ನೇ ಶಪಿಸುತ್ತ ಕೂತಿದ್ದರೋ, ಅವರಿಗೆ ತಿಳಿಸಲು ರೂಬೆನ್ ಬಿಡಲಿಲ್ಲ.

ದೂರು ಕೊಟ್ಟವರ ವಿಳಾಸಗಳನ್ನು ಮಾತ್ರ ಅವಳು ಮುಟ್ಟಲಿಲ್ಲ. ಬೇಡವೆಂದವರಿಗೆ ಮತ್ತೆಂದೂ ಬರೆಯಬಾರದು. ಆ ನಿಯಮವನ್ನು ಯಾರೂ ಹೇಳದೆ ಮೊದಲ ದಿನವೇ ಬರೆದಿದ್ದಳು.

ಎಲ್ಲ ಸರಿಯಾದ ಮೇಲೆ ಹೊಸ ಕೋಡ್ ಪರೀಕ್ಷಿಸುವ ನೆಪದಲ್ಲಿ ಎಲ್ಸಿರಾಗೆ ಒಂದು ಮೇಲ್ ಬರೆದಳು. ಮುಖಕ್ಕೆ ಮುಖ ಕೊಟ್ಟು ಆಡಲಾಗದ್ದನ್ನೆಲ್ಲ ಬರೆದಳು. ಕ್ಷಮಿಸಿ ಎಂದಳು. ಆ ವಾರ ಪೂರ್ತಿ ತಾನು ಯಾಕೆ ಸುಮ್ಮನಿದ್ದೆ ಎಂದು ಸುಳ್ಳಿಲ್ಲದೆ ಹೇಳಿದಳು, ಆ ಸೊಟ್ಟ ಟೈಲ್ಸ್‌ನ ಮೇಲೆ ಬೆರಳಾಡಿಸಿದ್ದನ್ನೂ ಹೇಳಿದಳು. ಕಳಿಸಿ, ಥರ್ಮಾಸಿನಿಂದ ಮಾಟೆಗೆ ನೀರು ಬಗ್ಗಿಸಿಕೊಂಡು ಕಾದಳು.

ಮೊದಲ ಸುದ್ದಿ ಬಂತು. ಮುಟ್ಟಿತು. ಈ ಸಲದ ಹಸಿರು ನಿಜದ ಹಸಿರು.

ಮಾಟೆ ತಣ್ಣಗಾಗುವ ಹೊತ್ತಿಗೆ ಎರಡನೆಯ ಸುದ್ದಿ ಬಂತು. ದೂರು. ಎಲ್ಸಿರಾ ಆ ಗುಂಡಿಯನ್ನು ಒತ್ತಿದ್ದಳು.

ಕೋಡ್ ತನಗೆ ಹೇಳಿಕೊಟ್ಟದ್ದನ್ನು ಮಾಡಿತು. ಎಲ್ಸಿರಾಳ ವಿಳಾಸದ ಮುಂದೆ ಕೆಂಪು ಬಿತ್ತು, ಇನ್ನೆಂದೂ ಬರೆಯಬಾರದೆಂದು ತಡೆ ಬಿತ್ತು. ಆ ತಡೆಯನ್ನು ಅಳಿಸುವುದು ನಿದಿಯಾಗೆ ಗಳಿಗೆಯ ಕೆಲಸ. ಆ ಇಡೀ ಕೋಡಿನಲ್ಲಿ ಮೊದಲಿನಿಂದಲೂ ಸರಿಯಾಗಿದ್ದದ್ದು ಬೇಡವೆಂದವರಿಗೆ ಬರೆಯಬಾರದೆಂಬ ಆ ಒಂದು ಸಾಲು. ತಡೆಯನ್ನು ಅವಳು ಅಳಿಸಲಿಲ್ಲ.